ಉದ್ದ ಪಾಸಿನ ಮಾಸ್ಟ್ರು, ಗಿಡ್ಡ ಪಾಸಿನ ಜೀಪಿನವರು

ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ತೊಳೆದು, ವಾಪಸ್ ಮೈಗೆ ಬಿಡುವುದು. ವಾರಕ್ಕೆ ಮೂರು ದಿನ, ಸಲಕ್ಕೆ ನಾಲ್ಕು ಗಂಟೆ. "ಅಂಥ ಜಾಗದಲ್ಲಿ ನಗುವಂಥದ್ದು ಎಂತ ಉಂಟು ಮಾರಾಯಾ?" ಅಂತ ಜನ ಕೇಳುತ್ತಾರೆ. ಉಂಟು. ನಾವು ಬೇಡ ಅಂದರೂ ನಡೆಯುತ್ತದೆ. ಸಾವಿನ ಮನೆಯಲ್ಲಿ ಬರುವ ಕೆಮ್ಮಿನ ಹಾಗೆ, ತಡೆದಷ್ಟೂ ಜೋರಾಗಿ ಬರುತ್ತದೆ.

ನಾನು ಹೇಳುವುದು ಸೋಮವಾರ, ಬುಧವಾರ, ಶುಕ್ರವಾರದ ಮಧ್ಯಾಹ್ನದ ಪಾಳಿಯಲ್ಲಿದ್ದ ಮೂರು ಬೆಡ್ಡುಗಳ ವಿಷಯ. ಒಂದನೆಯ ಬೆಡ್ಡಿನಲ್ಲಿ ಬೆಳ್ಳಾರೆಯ ಮಾಸ್ಟ್ರು. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ನಿವೃತ್ತರಾದ ಪಿ.ಟಿ. ಮಾಸ್ಟ್ರು. ಎರಡನೆಯದರಲ್ಲಿ ಕಡಬದ ಜೀಪಿನವರು, ಪ್ರಾಯ ನಲವತ್ತೆರಡು. ಕಿಡ್ನಿ ಹೋದ ಮೇಲೆ ಚಿಕಿತ್ಸೆಗೆ ಅಂತ ಜೀಪೂ ಹೋಯಿತು, ಹೆಸರು ಮಾತ್ರ ಉಳಿಯಿತು. ಮೂರನೆಯದರಲ್ಲಿ ಈಶ್ವರಮಂಗಲದ ಒಬ್ಬರು ಅಮ್ಮ. ಕಣ್ಣು ಮುಚ್ಚಿ ಮಲಗಿದರೆ ಸೂಜಿ ತೆಗೆಯುವಾಗಲೇ ತೆರೆಯುವುದು.

ಮಾಸ್ಟ್ರಿಗೂ ಜೀಪಿನವರಿಗೂ ಒಂದೇ ಫುಟ್ಬಾಲ್ ಕ್ಲಬ್ಬಿನ ಹುಚ್ಚು. ಆ ಕ್ಲಬ್ಬಿನ ಹೆಸರು ನಾನು ಹೇಳುವುದಿಲ್ಲ, ಅವರೂ ಹೇಳುತ್ತಿರಲಿಲ್ಲ. "ನಮ್ಮದು" ಅಂತಲೇ ಅನ್ನುವುದು. ನಿನ್ನೆ ನಮ್ಮದು ಸೋತಿತು, ನಮ್ಮದರ ಗೋಲು ಕಾಯುವ ಗೋಲಿ ಸರಿ ಇಲ್ಲ, ಹೀಗೆ. ಬೆಳ್ಳಾರೆ, ಕಡಬ ಅಂತ ಎರಡು ಊರು ಭೂಮಿಯ ಮೇಲೆ ಇರುವುದು ಆ ಕ್ಲಬ್ಬಿನವರಿಗೆ ಗೊತ್ತಿತ್ತೋ ಇಲ್ಲವೋ.

ಒಂಬತ್ತು ನಂಬರಿನದ್ದು

ಒಂದು ಸೋಮವಾರ ಮಾಸ್ಟ್ರ ಬಿ.ಪಿ. ನೂರ ತೊಂಬತ್ತರ ಮೇಲೆ ಹೋಗಿ ಕೂತಿತ್ತು. ತೂಕ ಸರಿ ಇತ್ತು, ಮೈಯಲ್ಲಿ ನೀರು ಜಾಸ್ತಿ ಇರಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರು ಫೈಲ್ ಹಿಡಿದುಕೊಂಡು ವಿಚಾರಣೆ ಶುರು ಮಾಡಿದರು.

"ಉಪ್ಪಿನಕಾಯಿ ತಿಂದಿರಾ?"

"ಇಲ್ಲ."

"ಒಣಮೀನು?"

"ಮುಟ್ಟಲಿಲ್ಲ ಡಾಕ್ಟ್ರೆ."

"ಮತ್ತೆ ಎಂತಕ್ಕೆ ಇಷ್ಟು ಏರಿದ್ದು?"

ಮಾಸ್ಟ್ರು ಒಂದು ದೊಡ್ಡ ಉಸಿರು ಬಿಟ್ಟರು. "ಒಂಬತ್ತು ನಂಬರಿನದ್ದನ್ನು ತೆಗೆದ್ರು ಡಾಕ್ಟ್ರೆ. ಐದು ವರ್ಷದಿಂದ ಅದೊಂದರಿಂದಲೇ ನಡೀತಾ ಇತ್ತು. ಒಂದು ಮಾತು ಕೇಳದೆ ತೆಗೆದು ಬಿಟ್ರು."

ಒಂಬತ್ತು ನಂಬರಿನವನು ಅಂದರೆ ಕ್ಲಬ್ಬಿಗೆ ಅತಿ ಹೆಚ್ಚು ಗೋಲು ಹೊಡೆದ ಆಟಗಾರ. ಅವನನ್ನು ಹಿಂದಿನ ದಿನ ಬೇರೆ ಕ್ಲಬ್ಬಿಗೆ ಮಾರಿದ್ದರು. ಇದು ನನಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ. ಅವರು ಫೈಲಿನಲ್ಲಿ ಮಾತ್ರೆಗಳ ಪಟ್ಟಿಗೆ ಬೆರಳಿಟ್ಟು ಎಣಿಸಿದರು. "ನಾನು ಬರೆದದ್ದೇ ಎಂಟು ಮಾತ್ರೆ. ಒಂಬತ್ತನೆಯದನ್ನು ಯಾರು ಕೊಟ್ಟದ್ದು? ಯಾರು ತೆಗೆದದ್ದು?"

ಪಕ್ಕದ ಬೆಡ್ಡಿನಿಂದ ಜೀಪಿನವರು ಬಾಯಿ ಹಾಕಿದರು. "ತೆಗೆದದ್ದು ಒಳ್ಳೇದೇ ಆಯ್ತು ಡಾಕ್ಟ್ರೆ. ಅದು ಎಕ್ಸ್‌ಪೈರಿ ಆಗಿ ಎರಡು ವರ್ಷ ಆಗಿತ್ತು. ಮಾಸ್ಟ್ರಿಗೆ ಸುಮ್ಮನೆ ಅಭ್ಯಾಸ."

ಡಾಕ್ಟರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಅಲ್ಲಿಂದ ಮುಂದೆ ಹದಿನೈದು ನಿಮಿಷ ನನಗೆ ಸಿಕ್ಕಿದ ಬೈಗುಳವನ್ನು ಇಬ್ಬರೂ ಹಲ್ಲು ಕಚ್ಚಿ ನಗು ಹಿಡಿದು ಕೇಳಿಸಿಕೊಂಡರು. ಡಾಕ್ಟರು ಹೋದ ಮೇಲೆ ನೋಡಿದರೆ ಮಾಸ್ಟ್ರ ಬಿ.ಪಿ. ನೂರ ನಲವತ್ತು. ನನ್ನದು ನೋಡುವವರು ಯಾರೂ ಇರಲಿಲ್ಲ.

ಹಲ್ಲು ನೋಡದೆ ತಂದದ್ದು

ಒಂಬತ್ತು ನಂಬರಿನವನು ಹೋದ ಮೇಲೆ ಹೊಸಬರು ಬಂದರು. ಎರಡು ವಾರ ಅದೇ ಮಾತು.

"ದೂರದಿಂದ ಒಂದನ್ನು ತಂದಿದ್ದಾರೆ. ಬಲಗಾಲು ಸ್ವಲ್ಪ ಎಳೀತದಂತೆ," ಅಂದರು ಮಾಸ್ಟ್ರು.

"ಎಳೆಯುದಲ್ಲ ಮಾಸ್ಟ್ರೆ, ಹೊಸ ಜಾಗ ಅಲ್ವಾ, ಹೊಂದಿಕೊಳ್ಳಲಿಕ್ಕೆ ಸಮಯ ಬೇಕು."

"ಇದ್ದ ಒಳ್ಳೇದನ್ನು ಕೊಟ್ಟು ಕುಂಟನ್ನು ತಂದ್ರು. ನೋಡದೆ ತಂದ್ರು. ಬರೀ ಫೋಟೋ ನೋಡಿ ತಂದ್ರು!"

ಮೂರನೆಯ ಬೆಡ್ಡಿನ ಅಮ್ಮ ಕಣ್ಣು ತೆರೆದರು. "ಹಲ್ಲು ನೋಡ್ಲಿಲ್ವಾ?"

ಇಬ್ಬರೂ ಅವರ ಕಡೆ ತಿರುಗಿದರು. ಆರು ತಿಂಗಳಲ್ಲಿ ಅಮ್ಮ ಆ ವಾರ್ಡಿನಲ್ಲಿ ಆಡಿದ ಮೊದಲನೆಯ ಮಾತು ಅದು.

"ಕಾಲು ಎಳೆಯುದನ್ನು ಯಾರಾದ್ರೂ ತರ್ತಾರಾ? ಮಾರುವವರು ಹಗ್ಗ ಗಿಡ್ಡ ಹಿಡಿದು ನಿಲ್ಲಿಸಿಯೇ ತೋರಿಸುದು. ನಾವು ಬಿಡಿಸಿ ನಡೆಸಿ ನೋಡ್ಬೇಕು. ಈಗ ಎಷ್ಟು ಹಾಲು ಕೊಡ್ತದೆ?"

ಜೀಪಿನವರು ನಗು ತಡೆಯಲಾಗದೆ ತಲೆದಿಂಬಿಗೆ ಮುಖ ಒತ್ತಿಕೊಂಡರು. ಮಾಸ್ಟ್ರು ಮಾತ್ರ ನಗಲಿಲ್ಲ. "ನಮ್ಮ ಮ್ಯಾನೇಜರಿಗೆ ಇಷ್ಟು ಬುದ್ಧಿ ಇದ್ದಿದ್ದರೆ ನಾವು ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯವರಾಗಿ ಇರ್ತಿರಲಿಲ್ಲ ಅಮ್ಮ," ಅಂದರು. ಆಮೇಲೆ ವಿವರಿಸಿ ಹೇಳಿದರು, ಇದು ದನದ ವ್ಯಾಪಾರ ಅಲ್ಲ, ಚೆಂಡು ಆಡುವ ಮನುಷ್ಯರದ್ದು ಅಂತ.

ಅಮ್ಮನಿಗೆ ಅದು ಜೀರ್ಣ ಆಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. "ಮನುಷ್ಯರನ್ನು ಕೊಡುದು ತಗೊಳ್ಳುದು ಉಂಟಾ?"

"ಉಂಟಮ್ಮ."

"ಮನೆಯವರು ಒಪ್ತಾರಾ?"

ಯಂತ್ರಗಳು ಗುರ್ ಅನ್ನುತ್ತಾ ತಿರುಗುತ್ತಿದ್ದವು. ಅಮ್ಮ ತನ್ನ ಬಾತ ಕಾಲನ್ನು ಒಮ್ಮೆ ನೋಡಿಕೊಂಡು ನನ್ನನ್ನು ಕರೆದರು.

"ಹಾಗಾದ್ರೆ ನನ್ನನ್ನು ಯಾರಾದ್ರೂ ತಗೊಳ್ತಾರಾ ಕೇಳು ತಮ್ಮ. ಕಾಲು ಎಳೀತದೆ ಅಂತ ಮೊದಲೇ ಹೇಳ್ಬಿಡು. ಮತ್ತೆ ವಾಪಸ್ ತಂದು ಬಿಟ್ಟರೆ ಮರ್ಯಾದೆ ಹೋಗ್ತದೆ."

ಪಾಳಿ ಬದಲಾಯಿಸಿದ್ದು

ಕ್ಲಬ್ಬಿಗೆ ಹೊಸ ಕೋಚ್ ಬಂದ ಮೇಲೆ ವಾರ್ಡಿನಲ್ಲಿ ನಿಜವಾದ ಜಗಳ ಶುರುವಾಯಿತು.

ಮೊದಲೆಲ್ಲ ನಮ್ಮದರ ಆಟ ಸರಳ. ಗೋಲಿ ಚೆಂಡನ್ನು ಉದ್ದಕ್ಕೆ ಒದೆಯುವುದು, ಎತ್ತರದ ಆಟಗಾರ ಮುಂದೆ ಓಡುವುದು, ತಲೆ ಕೊಡುವುದು. ಹೊಸ ಕೋಚ್ ಅದನ್ನು ನಿಲ್ಲಿಸಿದ. ಗೋಲಿಯಿಂದಲೇ ಗಿಡ್ಡ ಗಿಡ್ಡ ಪಾಸು, ಹಿಂದಿನಿಂದ ಒಬ್ಬರಿಗೊಬ್ಬರು ದಾಟಿಸಿಕೊಂಡು ಬರಬೇಕು. ಮಾಸ್ಟ್ರಿಗೆ ಅದು ಕಣ್ಣಿಗೆ ಮೆಣಸು ಹಾಕಿದ ಹಾಗೆ.

"ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ ಮಾರಾಯ. ಚೆಂಡು ಮುಂದೆ ಹೋಗ್ಬೇಕು. ಎದುರು ಗೋಲು ಇಟ್ಟುಕೊಂಡು ಹಿಂದೆ ಹಿಂದೆ ಕೊಡುದು ಎಂಥ ಆಟ?"

"ರಸ್ತೆ ನೋಡಿ ಗೇರು ಹಾಕ್ಬೇಕು ಮಾಸ್ಟ್ರೆ. ಶಿರಾಡಿ ಘಾಟಿಯಲ್ಲಿ ಟಾಪ್ ಗೇರ್ ಹಾಕಿದ್ರೆ ಜೀಪು ಮೇಲೆ ಹೋಗ್ತದಾ? ಫಸ್ಟು, ಸೆಕೆಂಡು, ಫಸ್ಟು, ಸೆಕೆಂಡು. ನಿಧಾನ. ಆದರೆ ತಲುಪ್ತೇವೆ."

ಒಂದು ದಿನ ನಮ್ಮದು ಹಿಂದೆ ಕೊಟ್ಟ ಪಾಸಿನಿಂದಲೇ ಗೋಲು ತಿಂದು ಸೋತಿತು. ಮರುದಿನ ಮಾಸ್ಟ್ರು ಬೆಡ್ಡಿಗೆ ಏರುವ ಮೊದಲೇ ಶುರು ಮಾಡಿದರು. ಮಾತು ಏರಿ ಏರಿ, "ನಿನ್ನ ಜೀಪು ಯಾಕೆ ಹೋಯ್ತು ಅಂತ ಈಗ ಗೊತ್ತಾಯ್ತು. ರಿವರ್ಸಿನಲ್ಲೇ ಓಡಿಸಿರ್ಬೇಕು," ಅಂದುಬಿಟ್ಟರು.

ಜೀಪಿನವರು ಗೋಡೆಯ ಕಡೆ ಮುಖ ಮಾಡಿದರು. ಮಾಸ್ಟ್ರಿಗೆ ಆ ಕ್ಷಣವೇ ತಪ್ಪು ಗೊತ್ತಾಯಿತು, ಆದರೆ ಬಾಯಿಯಿಂದ ಹೋದದ್ದು ಹೋಯಿತು. ಬೇರೆ ಕಡೆ ಆದರೆ ಜಗಳ ಆದ ಮೇಲೆ ಒಬ್ಬರು ಎದ್ದು ಹೋಗಬಹುದು. ಇಲ್ಲಿ ಇಬ್ಬರನ್ನೂ ಎರಡೆರಡು ನಳಿಗೆಯಲ್ಲಿ ಕಟ್ಟಿ ಹಾಕಿ ಆಗಿದೆ. ಮೂರೂವರೆ ಗಂಟೆ ಇಬ್ಬರೂ ಮಾತಾಡದೆ ಮಲಗಿದರು. "ಫ್ಯಾನ್ ಜಾಸ್ತಿ ಮಾಡಿ ಅಂತ ಅವರಿಗೆ ಹೇಳಿ," "ಬೇಡ ಅಂತ ಅವರಿಗೆ ಹೇಳಿ," ಇಷ್ಟಕ್ಕೆ ನಾನು ಮಧ್ಯೆ.

ಸೂಜಿ ತೆಗೆದ ಮೇಲೆ ಜೀಪಿನವರು ನನ್ನ ಹತ್ತಿರ ಬಂದು, "ನನ್ನನ್ನು ಮಂಗಳವಾರ, ಗುರುವಾರ, ಶನಿವಾರದ ಪಾಳಿಗೆ ಹಾಕಿ," ಅಂದರು. ಒಂದು ಬೆಡ್ಡು ಖಾಲಿ ಇತ್ತು, ಹಾಕಿದೆ.

ಮಾಸ್ಟ್ರು ಬುಧವಾರ ಬಂದು ಖಾಲಿ ಬೆಡ್ಡು ನೋಡಿದರು. ಶುಕ್ರವಾರವೂ ನೋಡಿದರು. ಕ್ಲಬ್ಬಿನ ವಿಷಯ ಒಂದು ಮಾತಿಲ್ಲ. ಕೇಳಿದ್ದು ಇಷ್ಟೇ, "ಆಚೆ ಪಾಳಿಯಲ್ಲಿ ಅವನಿಗೆ ಸೂಜಿ ಚುಚ್ಚುವವರು ಸರಿ ಉಂಟಾ? ಅವನ ನರ ಸಿಗುದು ಕಷ್ಟ."

ಅತ್ತ ಜೀಪಿನವರು ಗುರುವಾರ ಮೆಲ್ಲ ಕೇಳಿದರು, "ಮೊನ್ನೆಯ ಮ್ಯಾಚಿನ ಬಗ್ಗೆ ಅವರು ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ."

"ಎಂತದೂ ಹೇಳ್ಲಿಲ್ವಾ? ಹುಷಾರಿದ್ದಾರಾ?"

ಎರಡನೆಯ ವಾರ ಮುಗಿಯುವ ಮೊದಲೇ ಅವರು ನನ್ನ ಮೇಜಿನ ಎದುರು ನಿಂತಿದ್ದರು. "ನನ್ನನ್ನು ಹಳೇ ಪಾಳಿಗೇ ಹಾಕಿ ಮಾರಾಯ್ರೆ. ಅಲ್ಲಿ ಒಬ್ಬರಿಗೂ ಆಫ್‌ಸೈಡ್ ಅಂದ್ರೆ ಎಂತ ಅಂತ ಗೊತ್ತಿಲ್ಲ. ಎಲ್ಲ ಒಳ್ಳೆಯ ಜನ. ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಅಂತಾರೆ. ನಾಲ್ಕು ಗಂಟೆ ಹೋಗುದೇ ಇಲ್ಲ."

ಸೋಮವಾರ ಇಬ್ಬರೂ ಅಕ್ಕಪಕ್ಕ ಮಲಗಿದರು. ಕ್ಷಮಾಪಣೆ ಎಂತದೂ ಆಗಲಿಲ್ಲ. ಮಾಸ್ಟ್ರು ಮೇಲೆ ಫ್ಯಾನ್ ನೋಡುತ್ತಾ ಅಮ್ಮನಿಗೆ ಹೇಳಿದರು, "ನೋಡಿದ್ರಾ ಅಮ್ಮ, ಬೇರೆ ಕ್ಲಬ್ಬಿನವರು ಎರಡು ವಾರ ಇಟ್ಟುಕೊಂಡು ನೋಡಿ ವಾಪಸ್ ಕಳಿಸಿದ್ರು."

ಅಲಾರಂ

ಒಂದು ಶುಕ್ರವಾರ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ನಮ್ಮ ಪಾಳಿ ಎರಡು ಗಂಟೆ ತಡವಾಗಿ ಶುರುವಾಯಿತು. ಆ ದಿನ ಸಂಜೆ ಐದಕ್ಕೆ ನಮ್ಮದರ ಮ್ಯಾಚು. ಮ್ಯಾಚು ಇರುವಾಗ ಇಬ್ಬರೂ ಯಂತ್ರಕ್ಕೆ ಸಿಕ್ಕಿಕೊಂಡಿರುವುದು ಅದೇ ಮೊದಲು.

ಮಾಸ್ಟ್ರ ಫೋನನ್ನು ಡ್ರಿಪ್ ಹಾಕುವ ಕಂಬಕ್ಕೆ ಕಟ್ಟಿ ನಿಲ್ಲಿಸಿದೆ. ನನ್ನದು ಒಂದೇ ಷರತ್ತು, ಸೂಜಿ ಇರುವ ಕೈ ಮಡಚಬಾರದು. ಮಡಚಿದರೆ ರಕ್ತದ ಹರಿವು ತಡೆದು ಯಂತ್ರದ ಅಲಾರಂ ಹೊಡೆಯುತ್ತದೆ. ಇಬ್ಬರೂ ತಾಯಾಣೆ ಹಾಕಿದರು. ಹತ್ತು ನಿಮಿಷದಲ್ಲಿ ಆರು ಸಲ ಅಲಾರಂ ಹೊಡೆಯಿತು.

ಕೊನೆಗೆ ನಮ್ಮದಕ್ಕೆ ಒಂದು ಪೆನಾಲ್ಟಿ ಸಿಕ್ಕಿತು. ಹೊಡೆಯಲಿಕ್ಕೆ ಬಂದವನು ಹದಿನಾರು ನಂಬರಿನವನು. ಇವನನ್ನೂ ಮಾರಬೇಕು ಅಂತ ಜೀಪಿನವರು, ಮಾರಬಾರದು ಅಂತ ಮಾಸ್ಟ್ರು. ನಾನು ಎರಡು ಬೆಡ್ಡಿನ ನಡುವೆ ನಿಂತು ಒಂದು ಕೈಯಲ್ಲಿ ಮಾಸ್ಟ್ರ ಮಣಿಕಟ್ಟು, ಇನ್ನೊಂದರಲ್ಲಿ ಜೀಪಿನವರ ಮಣಿಕಟ್ಟು ಒತ್ತಿ ಹಿಡಿದುಕೊಂಡೆ. ಗೋಲು ಆಯಿತು. ನನ್ನ ಎರಡು ಕೈಯೂ ಭದ್ರ ಇತ್ತು. ಆದರೂ ಅಲಾರಂ ಹೊಡೆಯಿತು.

ಮೂರನೆಯ ಬೆಡ್ಡು! ಓಡಿ ಹೋಗಿ ನೋಡಿದರೆ ಅಮ್ಮ ಸೂಜಿ ಇದ್ದ ಕೈಯನ್ನೂ ಮಡಚಿ, ಎರಡು ಕೈ ಜೋಡಿಸಿ ಹಣೆಗೆ ಹಿಡಿದಿದ್ದಾರೆ.

"ಎಂತ ಅಮ್ಮ ಇದು?"

"ಆ ಹದಿನಾರಿನವನಿಗೆ ತಾಯಿ ಇಲ್ಲ ಅಂತ ಮಾಸ್ಟ್ರು ಹೇಳಿದ್ರಲ್ಲ. ಹೊಡೆಯುವಾಗ ಅವನ ಮುಖ ನೋಡಿ ತಡೀಲಿಲ್ಲ. ಹರಕೆ ಹೇಳಿಕೊಂಡೆ."

"ಎಂಥ ಹರಕೆ?"

"ಗೋಲು ಆದ್ರೆ ಸೋಮವಾರದವರೆಗೆ ದಿನಕ್ಕೆ ಎರಡು ಲೋಟಕ್ಕಿಂತ ಜಾಸ್ತಿ ನೀರು ಕುಡಿಯುದಿಲ್ಲ ಅಂತ."

ಡಯಾಲಿಸಿಸ್ ಮಾಡಿಸುವವರು ನೀರು ಕಡಿಮೆ ಕುಡಿಯಬೇಕು. ಅಮ್ಮ ಎಂದೂ ಕೇಳಿದವರಲ್ಲ, ಪ್ರತಿ ಸಲ ಮೂರು ಕಿಲೋ ಏರಿಸಿಕೊಂಡೇ ಬರುವವರು. ಆ ಸೋಮವಾರ ಅವರ ತೂಕ ನೋಡಿ ಡಾಕ್ಟರು ತೂಕದ ಯಂತ್ರ ಕೆಟ್ಟಿದೆ ಅಂತ ನಿರ್ಧರಿಸಿ ತಾವೇ ಹತ್ತಿ ನೋಡಿದರು.

ಒಪ್ಪಿಕೊಳ್ಳಲು ಬಂದ ದಿನ

ಈಗ ಹೇಳುವುದರಲ್ಲಿ ನಗು ಕಡಿಮೆ. ಆದರೆ ಬಿಟ್ಟು ಹೇಳಲಿಕ್ಕೆ ಆಗುವುದಿಲ್ಲ.

ಒಂದು ಆದಿತ್ಯವಾರ ಸಂಜೆಯ ಮ್ಯಾಚಿನಲ್ಲಿ ನಮ್ಮದು ಸೋಲುವುದರಲ್ಲಿತ್ತು. ಗಿಡ್ಡ ಪಾಸು ಮಾಡಿ ಮಾಡಿ ಸುಸ್ತಾಗಿ, ಕೊನೆಯ ಗಳಿಗೆಯಲ್ಲಿ ಗೋಲಿ ಸಿಟ್ಟಿನಿಂದ ಚೆಂಡನ್ನು ಉದ್ದಕ್ಕೆ ಒದ್ದ. ಅದು ಹೋಗಿ ಒಬ್ಬನ ತಲೆಗೆ ಸಿಕ್ಕಿ ಗೋಲು. ಅದರ ಹಿಂದೆಯೇ ಹಾಗೆಯೇ ಇನ್ನೊಂದು. ಗೆದ್ದರು.

ಸೋಮವಾರ ಮಧ್ಯಾಹ್ನ ಬರಬೇಕಾದ ಜೀಪಿನವರು ಹತ್ತೂವರೆಗೇ ಬಂದರು. ಕಡಬದಿಂದ ಬೆಳಗ್ಗಿನ ಬಸ್ಸು ಹಿಡಿದು ಬಂದದ್ದಂತೆ. "ಇವತ್ತು ಒಂದು ಸಲ ಒಪ್ಪಿಕೊಳ್ತೇನೆ ಮಾರಾಯ್ರೆ. ಉದ್ದ ಪಾಸಿಗೂ ಮರ್ಯಾದೆ ಉಂಟು ಅಂತ ಹೇಳ್ತೇನೆ. ನೀವು ಪಕ್ಕದಲ್ಲಿ ಇರ್ಬೇಕು, ಆಮೇಲೆ ನಾನು ಹೇಳಲೇ ಇಲ್ಲ ಅಂತ ಅವರು ಅಂದ್ರೆ ಸಾಕ್ಷಿ ಬೇಕು."

ನನಗೆ ಬೆಳಿಗ್ಗೆಯೇ ಬೆಳ್ಳಾರೆಯಿಂದ ಫೋನ್ ಬಂದಿತ್ತು. ಮಾಸ್ಟ್ರು ಚಾ ಕುಡಿದು ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಹೃದಯ.

ನಾನು ಹೇಳುವ ಅಗತ್ಯ ಬರಲಿಲ್ಲ. ಅವರು ನನ್ನ ಮುಖ ನೋಡಿದರು, ಆಮೇಲೆ ಒಂದನೆಯ ಬೆಡ್ಡಿಗೆ ಹಾಸಿದ ಹೊಸ ಬಟ್ಟೆ ನೋಡಿದರು, ಹೋಗಿ ತಮ್ಮ ಬೆಡ್ಡಿನ ಮೇಲೆ ಕೂತರು. ಮಧ್ಯಾಹ್ನ ಸೂಜಿ ಹಾಕುವಾಗ ನನಗೆ ನರ ತಪ್ಪಿತು. ಈ ಕೆಲಸದ ಎಂಟು ವರ್ಷದಲ್ಲಿ ಹಾಗೆ ಆದದ್ದಿಲ್ಲ. "ಎರಡು ಸಲ ಚುಚ್ಚಿದ್ರೂ ಆದೀತು, ಮೆಲ್ಲ ಹಾಕಿ," ಅಂದರು ಜೀಪಿನವರು.

ಅಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಮಲಗಿದ್ದರು. ಮೂರು ಗಂಟೆ ಕಳೆದ ಮೇಲೆ ಜೀಪಿನವರು ಕೇಳಿದರು, "ನಿನ್ನೆ ಮ್ಯಾಚು ನೋಡಿದ್ರಂತಾ?"

"ಪೂರ್ತಿ ನೋಡಿದ್ರಂತೆ."

"ನೋಡಿ ಅವರ ಬುದ್ಧಿ. ಗೆದ್ದ ಕೂಡಲೇ ಎದ್ದು ಹೋದ್ರು. ನನ್ನ ಬಾಯಿಂದ ಒಂದು ಮಾತು ಕೇಳುವಷ್ಟು ಸಹ ಕೂರ್ಲಿಲ್ಲ." ನಗಲಿಕ್ಕೆ ನೋಡಿದರು. ಭುಜ ಅಲುಗಿ ಅಲುಗಿ ಅವರ ಯಂತ್ರದ ಅಲಾರಂ ಹೊಡೆಯಿತು. ನಾನು ಅದನ್ನು ಒತ್ತಿ ನಿಲ್ಲಿಸಿದೆ. ಮತ್ತೆ ಹೊಡೆಯಿತು, ಮತ್ತೆ ನಿಲ್ಲಿಸಿದೆ. ಕೈ ಅಲುಗಿಸಬೇಡಿ ಅಂತ ಮಾತ್ರ ಆ ದಿನ ಹೇಳಲಿಲ್ಲ.

ಬುಧವಾರ ಆ ಬೆಡ್ಡಿಗೆ ಸುಳ್ಯದ ಕಡೆಯ ಒಬ್ಬರು ಹೊಸಬರು ಬಂದರು. ಜೀಪಿನವರು ಎರಡು ಗಂಟೆ ಅವರನ್ನು ಅಳೆದು ನೋಡಿ ಕೇಳಿದರು, "ನಿಮಗೆ ಫುಟ್ಬಾಲ್ ಗೊತ್ತುಂಟಾ?"

"ಇಲ್ಲ. ನನ್ನದು ಕಬಡ್ಡಿ."

ಜೀಪಿನವರು ಅಮ್ಮನ ಕಡೆ ತಿರುಗಿದರು. ಅಮ್ಮ ಸಮಾಧಾನ ಹೇಳಿದರು, "ಇರ್ಲಿ ಮಗಾ. ಮೊದಲ ಸಲ ಬಂದವರು. ಹೊಂದಿಕೊಳ್ಳಲಿಕ್ಕೆ ಸಮಯ ಬೇಕು."

ನುಡಿನಮನ

ಮಾಸ್ಟ್ರ ಉತ್ತರಕ್ರಿಯೆ ಒಂದು ಆದಿತ್ಯವಾರ ಬೆಳ್ಳಾರೆಯ ಅವರ ಮನೆಯಂಗಳದಲ್ಲಿ. ಡಯಾಲಿಸಿಸ್ ಇಲ್ಲದ ದಿನ ಆದ್ದರಿಂದ ಮೂವರಿಗೂ ಹೋಗಲಿಕ್ಕೆ ಆಯಿತು. ನಾನು ಜೀಪಿನವರನ್ನು ಬೈಕಿನಲ್ಲಿ ಕರೆದುಕೊಂಡು ಹೋದೆ. ಅಮ್ಮನನ್ನು ಮಗ ಕಾರಿನಲ್ಲಿ ಕರೆತಂದು ಶಾಮಿಯಾನದ ಕೊನೆಯ ಸಾಲಿನಲ್ಲಿ ಕೂರಿಸಿದ.

ಊಟಕ್ಕೆ ಮೊದಲು ನುಡಿನಮನ. ಫೋಟೋಕ್ಕೆ ಹಾರ ಹಾಕಿ, ಪಕ್ಕದಲ್ಲಿ ಮೈಕ್ ಇಟ್ಟಿದ್ದರು. ಹಳೆಯ ಹೆಡ್‌ಮಾಸ್ಟ್ರು, ಪಂಚಾಯತಿನವರು, ಹಳೆ ವಿದ್ಯಾರ್ಥಿಗಳು, ಎಲ್ಲರೂ ಒಂದೇ ಮಾತು ಹೇಳಿದರು. ಶಿಸ್ತಿನ ಮನುಷ್ಯ, ನೇರ ನಡೆ, ಸುಳ್ಳು ಹೇಳಿದವರಲ್ಲ. ಆಮೇಲೆ, "ಆಸ್ಪತ್ರೆಯ ಗೆಳೆಯರು ಯಾರಾದರೂ ಎರಡು ಮಾತು," ಅಂತ ಕರೆದರು. ನಾನು ಕಾಲು ಹಿಂದೆ ಎಳೆದುಕೊಂಡೆ. ಜೀಪಿನವರು ಎದ್ದರು.

ಮೈಕ್ ಹಿಡಿದು ಫೋಟೋದ ಪಕ್ಕ ನಿಂತರು. ಆಮೇಲೆ, "ಮಾಸ್ಟ್ರು ಒಳ್ಳೆಯವರು. ಆದರೆ ಫುಟ್ಬಾಲಿನಲ್ಲಿ ಅವರಿಗೆ ಎಂತದೂ ಗೊತ್ತಿಲ್ಲ ಅಂತ ನಾನು ಮೂರು ವರ್ಷ ಹೇಳ್ತಾ ಬಂದೆ," ಅಂದರು.

ಹೆಡ್‌ಮಾಸ್ಟ್ರು ಕುರ್ಚಿಯಲ್ಲಿ ಒಮ್ಮೆ ಅಲುಗಾಡಿದರು.

"ಅವರು ಉದ್ದ ಪಾಸು ಅನ್ನುದು, ನಾನು ಗಿಡ್ಡ ಪಾಸು ಅನ್ನುದು. ವಾರಕ್ಕೆ ಹನ್ನೆರಡು ಗಂಟೆ ಜಗಳ. ಒಂದು ದಿನ ಸಹ ಒಬ್ಬರೂ ಸೋಲ್ಲಿಲ್ಲ. ಅವರು ಹೋದ ದಿನ ನಾನು ಒಪ್ಪಿಕೊಳ್ಳಲಿಕ್ಕೆ ಅಂತಲೇ ಬೇಗ ಬಂದಿದ್ದೆ. ಅವರು ಬರ್ಲಿಲ್ಲ. ಅದಕ್ಕೆ ಈಗ ಎಲ್ಲರ ಎದುರು ಹೇಳ್ತೇನೆ." ಫೋಟೋದ ಕಡೆ ತಿರುಗಿದರು. "ಮಾಸ್ಟ್ರೆ, ನೀವು ಹೇಳಿದ್ದೇ ಸರಿ. ನಾನು ಸೋತೆ."

ಎದುರಿನ ಸಾಲಿನಲ್ಲಿ ಕೂತಿದ್ದ ಮಾಸ್ಟ್ರ ಹೆಂಡತಿ ತಲೆ ಎತ್ತಿದರು. ಹದಿಮೂರು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡದಿದ್ದ ಹೆಂಗಸು, ಕೂತಲ್ಲಿಂದಲೇ ಹೇಳಿದರು:

"ಇಲ್ಲ ಅಣ್ಣ, ನೀವು ಸೋಲುದು ಬೇಡ. ನೀವು ಹೇಳಿದ್ದೇ ಸರಿ ಅಂತ ಅವರೇ ಹೇಳ್ತಿದ್ರು."

"ಯಾರು?"

"ಇವರೇ. ಮನೆಯಲ್ಲಿ. ಎರಡು ವರ್ಷದಿಂದ. ಆ ಕೊನೆಯ ಮ್ಯಾಚು ಗೆದ್ದಾಗ ಸಹ, 'ಇದು ಗಾಳಿಗೆ ಬಂದ ಗೋಲು. ಆಟ ಅಂದ್ರೆ ಆ ಜೀಪಿನವ ಹೇಳುದೇ ಆಟ' ಅಂದ್ರು."

ಜೀಪಿನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅಕ್ಕ?"

"ನಾನೂ ಕೇಳಿದ್ದೆ." ಅವರು ಫೋಟೋ ನೋಡಿದರು. "'ಒಪ್ಪಿಕೊಂಡ್ರೆ ಮುಗೀತಲ್ಲ. ಮತ್ತೆ ಅವನು ನಾಲ್ಕು ಗಂಟೆ ಫ್ಯಾನು ನೋಡಿಕೊಂಡು ಮಲಗ್ತಾನೆ. ಸಣ್ಣ ಪ್ರಾಯ. ಸುಮ್ಮನೆ ಮಲಗಿದ್ರೆ ಬೇಡದ್ದನ್ನೆಲ್ಲ ಯೋಚಿಸ್ತಾನೆ. ಸಿಟ್ಟಿನಲ್ಲಿದ್ರೆ ಮುಂದಿನ ಸಲ ಖಂಡಿತ ಬರ್ತಾನೆ' ಅಂದ್ರು."

ಜೀಪಿನವರ ಕಣ್ಣಿನಿಂದ ನೀರು ಇಳಿಯಲಿಕ್ಕೆ ಶುರುವಾಯಿತು. ಒರೆಸಿಕೊಳ್ಳಲೂ ಇಲ್ಲ. ಫೋಟೋ ಎದುರು ಹೋಗಿ ನಿಂತು, ಮೈಕ್ ಕೈಯಲ್ಲಿರುವುದನ್ನು ಮರೆತು, "ಎಂತ ಮಾಸ್ಟ್ರೆ ನೀವು! ಎರಡು ವರ್ಷ ಸುಳ್ಳು ಹೇಳಿದ್ರಲ್ಲ ಮಾರಾಯ್ರೆ!" ಅಂದರು. ಸುಳ್ಳು ಹೇಳಿದವರಲ್ಲ ಅಂತ ಆಗಷ್ಟೇ ಭಾಷಣ ಮಾಡಿದ್ದ ಹೆಡ್‌ಮಾಸ್ಟ್ರು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡರು.

ನಾನು ಎದ್ದು ಹೋಗಿ ಜೀಪಿನವರನ್ನು ಕರೆದುಕೊಂಡು ಬರಬೇಕು ಅಂತ ಹೊರಟೆ. ಅಷ್ಟರಲ್ಲಿ ಅವರು ತಿರುಗಿದರು. ಅಳುತ್ತಲೇ ಮಾಸ್ಟ್ರ ಹೆಂಡತಿಯ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಮೈಕನ್ನು ಅವರ ಮುಂದೆ ಹಿಡಿದರು.

"ಅಕ್ಕ, ನಾನು ಹೇಳಿದ್ದೇ ಸರಿ ಅಂತ ಈಗ ಹೇಳಿದ್ರಲ್ಲ, ಅದನ್ನು ಒಮ್ಮೆ ಮೈಕಿನಲ್ಲಿ ಹೇಳಿ. ಹಿಂದೆ ಕೂತವರಿಗೆ ಕೇಳ್ಲಿಲ್ಲ."

ಮೊದಲು ನಕ್ಕದ್ದು ಮಾಸ್ಟ್ರ ಹೆಂಡತಿ. ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆದರೂ ನಿಲ್ಲಲಿಲ್ಲ. ಅವರು ನಕ್ಕ ಮೇಲೆ ಇಡೀ ಶಾಮಿಯಾನ ನಕ್ಕಿತು. ಅಳುತ್ತಾ ಇದ್ದವರೂ ನಕ್ಕರು, ನಗುತ್ತಾ ಇದ್ದವರೂ 'ಕಣ್ಣಿಗೆ ಹೊಗೆ' ಅಂದುಕೊಂಡು ಒರೆಸಿಕೊಂಡರು. ಕೊನೆಗೆ ಅವರು ಮೈಕ್ ತೆಗೆದುಕೊಂಡು, ಗಂಟಲು ಸರಿ ಮಾಡಿ, ಗಂಡನ ಫೋಟೋವನ್ನೇ ನೋಡುತ್ತಾ ಹೇಳಿದರು:

"ಜೀಪಿನವರು ಹೇಳಿದ್ದೇ ಸರಿ."

ಸ್ವರ ಅಂಗಳ ದಾಟಿ ಬೆಳ್ಳಾರೆ ಪೇಟೆಯವರೆಗೂ ಕೇಳಿರಬೇಕು. ಜೀಪಿನವರು ಕೈಮುಗಿದು ವಾಪಸ್ ಬರಲಿಕ್ಕೆ ತಿರುಗಿದರು. ಆಗ ಕೊನೆಯ ಸಾಲಿನಿಂದ ಈಶ್ವರಮಂಗಲದ ಅಮ್ಮ ಮಗನ ಕೈ ಹಿಡಿದು ಎದ್ದು ನಿಂತರು.

"ಇನ್ನೊಮ್ಮೆ ಹೇಳಿ ಮಗಳೇ. ನಮ್ಮ ಜೀಪಿನವನಿಗೆ ಇನ್ನೂ ಸಾಕಾಗ್ಲಿಲ್ಲ!"